ಕಲಂಚೋ ಹೂಗಿಡವೂ ಬೆಟ್ಟದ ಚಳಿಯೂ

ಹಿತ್ತಲಿನ ಕಾಡುಬಸಳೆಯನ್ನು ನಮ್ಮವರಲ್ಲಿ ಅರಿಯದವರು ಕಡಮೆ. ಎಲೆಯೊಂದನ್ನು ಮಣ್ಣಿನ ಮೇಲೆ ಎಸೆದರೆ ಸಾಕು, ಅಂಚಿನಲ್ಲಿ ಮರಿಗಿಡಗಳು ಏಳುತ್ತವೆ. ಅದರ ನೆಂಟನೇ ಕಲಂಚೋ ಎಂಬ ಹೂಗಿಡ. ಕೆಂಪು, ಹಳದಿ, ಕಿತ್ತಳೆ ಬಣ್ಣದ ಗೊಂಚಲು ಬಿಡುವ ಇದರ ಮಿಶ್ರತಳಿಗಳನ್ನು ಈಗ ಕುಂಡದೊಡನೆ ಮಾರುತ್ತಾರೆ. ನೀರಿಲ್ಲದೆ ಬದುಕುವ ಗಿಡಕ್ಕೆ ಚಳಿಯೇನು ಮಾಡೀತು ಎಂದು ಅಂಗಳದಲ್ಲಿ ನೆಟ್ಟವರು ನೀಲಗಿರಿಯ ಮೇಲ್ಸೀಮೆಯಲ್ಲಿ ಒಂದೇ ರಾತ್ರಿಯಲ್ಲಿ ಅದನ್ನು ಕಳೆದುಕೊಳ್ಳುವುದುಂಟು. ಬರ ತಾಳುವ ಗುಣ ಬೇರೆ, ಹಿಮ ತಾಳುವ ಗುಣ ಬೇರೆ.

ಇದರ ತವರು ಮಡಗಾಸ್ಕರ್ ದ್ವೀಪದ ಬೆಟ್ಟಗಳು. ಅಲ್ಲಿಯ ಜಾತಿಯೊಂದನ್ನು ಜರ್ಮನಿಯ ರಾಬರ್ಟ್ ಬ್ಲಾಸ್‌ಫೆಲ್ಡ್ ಎಂಬಾತನು 1932ರಲ್ಲಿ ಪ್ರಚಾರಕ್ಕೆ ತಂದನು. ಮುಂದೆ ಬೇರೆ ಜಾತಿಗಳನ್ನು ಅದರೊಡನೆ ಕೂಡಿಸಿ ಈಗಿನ ಹೈಬ್ರಿಡ್‌ಗಳನ್ನು ಪಡೆದರು. ತಂಪು ಈ ಗಿಡಕ್ಕೆ ಹೊಸದಲ್ಲ. 10 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದರೆ ಬೆಳವಣಿಗೆ ಮಂದವಾಗಿ ಎಲೆಯಂಚು ಕೆಂಪಾದೀತು, ಅಷ್ಟೆ. ಸೊನ್ನೆಗೆ ಇಳಿದರೆ ಮಾತ್ರ ಕೇಡು. ದಪ್ಪ ಎಲೆಯೆಂದರೆ ನೀರಿನ ಚೀಲವಷ್ಟೆ. ಆ ನೀರು ಹೆಪ್ಪುಗಟ್ಟಿದಾಗ ಒಳಗಿನ ಜೀವಕೋಶಗಳು ಹರಿದುಹೋಗುತ್ತವೆ. ಬಿಸಿಲೇರುವ ಹೊತ್ತಿಗೆ ಎಲೆ ಬೇಯಿಸಿದ ಬಸಳೆಯಂತೆ ಕಪ್ಪಾಗಿ ಜೋಲುತ್ತದೆ. ಬರದಲ್ಲಿ ಕಾಯುವ ನೀರೇ ಇಲ್ಲಿ ಶತ್ರು.

ಈ ಕುಲದ ಗಿಡಗಳ ಬಾಳ್ವೆಯೇ ವಿಚಿತ್ರ. ಕೆಲಕಾಲ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡಿದ್ದ ಬೆಂಜಮಿನ್ ಹೇನ್ ಎಂಬ ವಿದ್ವಾಂಸನು, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು ಬರೆದುದು 1815ರಲ್ಲಿ ಅಚ್ಚಾಯಿತು. (ತಾವು ರುಚಿ ನೋಡಹೋಗಬೇಡಿ.) ಗಿಡವು ರಾತ್ರಿ ಗಾಳಿಯನ್ನು ಹೀರಿ ಹುಳಿಯಾಗಿ ಕೂಡಿಡುತ್ತದೆ, ಹಗಲು ರಂಧ್ರಗಳನ್ನು ಮುಚ್ಚಿಕೊಂಡು ಅದರಿಂದಲೇ ಆಹಾರ ಮಾಡಿಕೊಳ್ಳುತ್ತದೆ. ಆದುದರಿಂದಲೇ ನೀರಿನ ಖರ್ಚು ಅತ್ಯಲ್ಪ.

ಇನ್ನೊಂದು ತೊಡಕುಂಟು. ಹಗಲು ಕುಗ್ಗಿ ರಾತ್ರಿ ಬೆಳೆದಾಗ ಮಾತ್ರ ಇದು ಮೊಗ್ಗು ಹಿಡಿಯುತ್ತದೆ. ಉದಕಮಂಡಲದ ಸುತ್ತ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟುವ ಡಿಸೆಂಬರು, ಜನವರಿಗಳೂ ಅದೇ ಕಾಲ. ರಾತ್ರಿಯಿಡೀ ದೀಪ ಉರಿಯುವ ಕಡೆ ಇಟ್ಟರೆ ಹೂವೇ ಬಾರದು.

ಆದುದರಿಂದ ನೆಡುವ ಜಾಗದಲ್ಲೇ ಅರ್ಧ ಗೆಲುವು. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಇಳಿಯುತ್ತದೆ. ಕಣಿವೆಯ ತಳ ಬೇಡ, ಇಳಿಜಾರು ಲೇಸು, ಮನೆಯ ಸೂರಿನಡಿ ಗೋಡೆಯ ಪಕ್ಕ ಇನ್ನೂ ಲೇಸು. ಮಣ್ಣಿಗೆ ಮೂರರಲ್ಲೊಂದು ಪಾಲು ಮರಳು ಬೆರೆಸಿರಿ. ನವೆಂಬರಿನಿಂದ ಗೊಬ್ಬರ ನಿಲ್ಲಿಸಿ. ಎಳೆ ಚಿಗುರು ಮೊದಲು ಸುಡುವುದು. ಮಣ್ಣು ಒಣಗಿದ ಮೇಲೆ, ಬೆಳಗಿನ ಹೊತ್ತು ಮಾತ್ರ ಸ್ವಲ್ಪ ನೀರು. ಮೋಡವೂ ಗಾಳಿಯೂ ಇಲ್ಲದ ಸಂಜೆ ಕೋಲು ನೆಟ್ಟು, ಎಲೆಗೆ ತಾಗದಂತೆ ಗೋಣಿ ಹೊದಿಸಿ, ಬಿಸಿಲು ಬಂದಮೇಲೆ ತೆಗೆಯಿರಿ. ಸುಟ್ಟ ಗಿಡವನ್ನು ಒಡನೆ ಕಿತ್ತೆಸೆಯಬಾರದು. ಬುಡ ಗಟ್ಟಿಯಿದ್ದರೆ ಮಾರ್ಚಿಯಲ್ಲಿ ಚಿಗುರೀತು. ಅಕ್ಟೋಬರಿನಲ್ಲೇ ನಾಲ್ಕು ತುಂಡು ಕತ್ತರಿಸಿ, ಎರಡು ಮೂರು ದಿನ ನೆರಳಲ್ಲಿ ಆರಿಸಿ, ಒಳಗೆ ಕುಂಡದಲ್ಲಿ ನೆಟ್ಟಿಟ್ಟರೆ ತಳಿ ಉಳಿಯುತ್ತದೆ. ಮಿಶ್ರತಳಿಯ ಬೀಜವು ತಾಯಿಯಂಥ ಗಿಡವನ್ನು ಕೊಡದು.

ಸೊಲ್ಲಾಪುರ, ಆದವಾನಿಯ ಕಡೆ ಹಿಮದ ಭಯವಿಲ್ಲ. ವಯನಾಡಿನಲ್ಲಿ ಚಳಿಗಿಂತ ಮಳೆಗಾಲದ ಕೊಳೆಯೇ ಹೆಚ್ಚು.

ಎಲ್ಲ ಕಡೆಗೂ ಸಲ್ಲುವ ಎಚ್ಚರಿಕೆಯೊಂದು: ಈ ಕುಲದ ಗಿಡಗಳಲ್ಲಿ, ವಿಶೇಷವಾಗಿ ಹೂವಿನಲ್ಲಿ, ದನದ ಗುಂಡಿಗೆಯನ್ನು ಕೆಡಿಸುವ ವಿಷವಿದೆ. ಆಸ್ಟ್ರೇಲಿಯದಲ್ಲಿ ಇದರ ಕಾಡುಬಿದ್ದ ಜಾತಿಗಳನ್ನು ಮೇಯ್ದು ದನಗಳು ಸತ್ತಿವೆ. ಎಲೆಯಂಚಿನಲ್ಲಿ ಮರಿ ಉದುರಿಸುವ ಮಿಶ್ರತಳಿಯನ್ನಂತೂ ಬೇಲಿಯ ಹೊರಗೆ ಬಿಡಬೇಡಿ. ಕತ್ತರಿಸಿದ ಕಸವನ್ನು ತಿಪ್ಪೆಗೂ ಕೊಟ್ಟಿಗೆಯ ಬಳಿಗೂ ಹಾಕದೆ, ಚೆನ್ನಾಗಿ ಒಣಗಿಸಿ ಸುಟ್ಟುಬಿಡಿ.