ಶ್ವಾಸಕೋಶದ ಗಡಿ ತೋರಿಸುವ ಹಸಿರು ಬೆಳಕು

1933ರ ಏಪ್ರಿಲ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಬಾರ್ನ್ಸ್ ಆಸ್ಪತ್ರೆಯಲ್ಲಿ ಡಾ. ಇವಾರ್ಟ್ಸ್ ಗ್ರಹಾಂ ಒಬ್ಬ ಕ್ಯಾನ್ಸರ್ ರೋಗಿಯ ಎದೆ ತೆರೆದರು. ರೋಗಿಯೂ ವೈದ್ಯರೇ, ವಯಸ್ಸು 48. ಎಡ ಶ್ವಾಸಕೋಶದ ಒಂದು ಭಾಗವನ್ನಷ್ಟೇ ತೆಗೆಯುವ ಯೋಚನೆ ಇತ್ತು. ಆದರೆ ಒಳಗೆ ನೋಡಿದರೆ ಗಡ್ಡೆ ಅಂದುಕೊಂಡದ್ದಕ್ಕಿಂತ ಹೆಚ್ಚು ಚಾಚಿಕೊಂಡಿತ್ತು. ಗ್ರಹಾಂ ಇಡೀ ಎಡ ಶ್ವಾಸಕೋಶವನ್ನೇ ತೆಗೆದುಹಾಕಿದರು. ರೋಗಿ ಉಳಿದ ಒಂದೇ ಶ್ವಾಸಕೋಶದಲ್ಲಿ ಸುಮಾರು 30 ವರ್ಷ ಬದುಕಿದರು. ಶ್ವಾಸಕೋಶದ ಕ್ಯಾನ್ಸರನ್ನು ಕತ್ತರಿಸಿ ಗುಣಪಡಿಸಬಹುದು ಎಂಬ ಧೈರ್ಯ ಜಗತ್ತಿಗೆ ಬಂದದ್ದು ಆಗ.

ಅಲ್ಲಿಂದೀಚೆಗಿನ ತೊಂಬತ್ತು ವರ್ಷಗಳಲ್ಲಿ ಸರ್ಜನ್‌ಗಳು ಕಲಿತದ್ದು ಇದಕ್ಕೆ ತದ್ವಿರುದ್ಧವಾದ ವಿದ್ಯೆ: ಎಷ್ಟು ಕಡಿಮೆ ತೆಗೆದರೆ ಸಾಕು ಎಂಬುದು. ಕತ್ತರಿಸಿದ ಶ್ವಾಸಕೋಶ ಯಕೃತ್ತಿನಂತೆ ಮತ್ತೆ ಬೆಳೆದು ತುಂಬಿಕೊಳ್ಳುವುದಿಲ್ಲ. ವಯಸ್ಸಾದವರಿಗೆ, ವರ್ಷಗಟ್ಟಲೆ ಬೀಡಿ ಸಿಗರೇಟು ಸೇದಿ ಮೊದಲೇ ಉಸಿರು ಕಟ್ಟುವವರಿಗೆ ಉಳಿದ ಪ್ರತಿಯೊಂದು ತುಂಡೂ ಮುಖ್ಯ.

ನಮ್ಮ ಬಲ ಶ್ವಾಸಕೋಶದಲ್ಲಿ ಮೂರು ಹಾಲೆಗಳಿವೆ, ಎಡದಲ್ಲಿ ಎರಡು. ಪ್ರತಿ ಹಾಲೆಯೊಳಗೂ ವೈದ್ಯರು ಸೆಗ್ಮೆಂಟ್ ಎಂದು ಕರೆಯುವ ಕೆಲವು ಖಂಡಗಳಿವೆ. ಪ್ರತಿ ಖಂಡಕ್ಕೂ ತನ್ನದೇ ಶ್ವಾಸನಾಳದ ಕವಲು, ತನ್ನದೇ ಅಪಧಮನಿ. ಹಾಗಾಗಿ ಒಂದು ಖಂಡವನ್ನು ಮಾತ್ರ ಬಿಡಿಸಿ ತೆಗೆಯಲು ಸಾಧ್ಯ. ಎಡ್ವರ್ಡ್ ಚರ್ಚಿಲ್ ಮತ್ತು ರೊನಾಲ್ಡ್ ಬೆಲ್ಸಿ ಎಂಬ ಸರ್ಜನ್‌ಗಳು 1939ರಲ್ಲೇ ಇದನ್ನು ವಿವರಿಸಿದ್ದರು. ಆದರೆ ಅದು ಕ್ಯಾನ್ಸರಿಗಲ್ಲ, ಶ್ವಾಸನಾಳಗಳು ಹಿಗ್ಗಿ ಕೀವು ತುಂಬುವ ಕಾಯಿಲೆಗೆ.

ಕ್ಯಾನ್ಸರಿಗೆ ಖಂಡ ತೆಗೆದರೆ ಸಾಲದು ಎಂದು 1995ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನವೊಂದು ಹೇಳಿತು. ಇಡೀ ಹಾಲೆ ತೆಗೆಸಿಕೊಂಡವರಿಗಿಂತ ಕಡಿಮೆ ತೆಗೆಸಿಕೊಂಡವರಲ್ಲಿ ರೋಗ ಅದೇ ಜಾಗದಲ್ಲಿ ಮರುಕಳಿಸಿದ್ದು ಮೂರು ಪಟ್ಟು ಹೆಚ್ಚು. ಅಲ್ಲಿಗೆ ಹಾಲೆ ತೆಗೆಯುವುದೇ ನಿಯಮವಾಯಿತು.

ಆ ನಿಯಮ ಸಡಿಲಿದ್ದು ಇತ್ತೀಚೆಗೆ. ಸಿ.ಟಿ. ಸ್ಕ್ಯಾನ್‌ಗಳು ಸೂಕ್ಷ್ಮವಾದಂತೆ ಚಿಕ್ಕ ಚಿಕ್ಕ ಗಂಟುಗಳು ಮೊದಲೇ ಸಿಗತೊಡಗಿದವು. 2 ಸೆಂಟಿಮೀಟರ್ ಮೀರದ ಗಡ್ಡೆಗೂ ಇಡೀ ಹಾಲೆ ಬಲಿಯಾಗಬೇಕೇ? ಜಪಾನಿನ 70 ಆಸ್ಪತ್ರೆಗಳು ಸೇರಿ 1,106 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದವು. 2022ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಐದು ವರ್ಷಗಳ ನಂತರ ಬದುಕಿದ್ದವರು ಖಂಡ ತೆಗೆಸಿಕೊಂಡವರಲ್ಲಿ ಶೇ 94.3, ಹಾಲೆ ತೆಗೆಸಿಕೊಂಡವರಲ್ಲಿ ಶೇ 91.1. ಮರುವರ್ಷ ಅಮೆರಿಕದ ನೇತೃತ್ವದಲ್ಲಿ 697 ರೋಗಿಗಳ ಮೇಲೆ ನಡೆದ ಅಧ್ಯಯನವೂ ಕಡಿಮೆ ತೆಗೆದರೆ ನಷ್ಟವಿಲ್ಲ ಎಂದಿತು.

ಆದರೆ ಜಪಾನಿನ ಅಂಕಿಅಂಶದಲ್ಲೇ ಒಂದು ಎಚ್ಚರಿಕೆಯೂ ಇದೆ. ಅದೇ ಜಾಗದಲ್ಲಿ ರೋಗ ಮರುಕಳಿಸಿದ್ದು ಖಂಡ ತೆಗೆಸಿಕೊಂಡವರಲ್ಲಿ ಶೇ 10.5, ಹಾಲೆ ತೆಗೆಸಿಕೊಂಡವರಲ್ಲಿ ಶೇ 5.4. ಕಡಿಮೆ ತೆಗೆಯುವಾಗ ಗಡ್ಡೆಯ ಸುತ್ತ ಆರೋಗ್ಯವಂತ ಅಂಗಾಂಶದ ಅಂಚು ಸಾಕಷ್ಟು ಇರಲೇಬೇಕು. ಅದಕ್ಕೆ ಖಂಡದ ಗಡಿ ಎಲ್ಲಿದೆ ಎಂದು ಗೊತ್ತಾಗಬೇಕು.

ಕಷ್ಟ ಇರುವುದು ಇಲ್ಲೇ. ಕಿತ್ತಳೆ ಹಣ್ಣಿನ ತೊಳೆಗಳ ನಡುವೆ ಇರುವಂಥ ಪೊರೆ ಈ ಖಂಡಗಳ ನಡುವೆ ಇಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ನುಣುಪಾದ ಮೇಲ್ಮೈ. ಹಳೆಯ ಉಪಾಯವೆಂದರೆ ಖಂಡದ ಶ್ವಾಸನಾಳವನ್ನು ಮುಚ್ಚಿ, ಉಳಿದ ಶ್ವಾಸಕೋಶಕ್ಕೆ ಗಾಳಿ ತುಂಬಿಸಿ, ಉಬ್ಬಿದ್ದು ಯಾವುದು, ಕುಗ್ಗಿದ್ದು ಯಾವುದು ಎಂದು ನೋಡುವುದು. ಇದಕ್ಕೆ ಹೊತ್ತು ಹಿಡಿಯುತ್ತದೆ. ಸಣ್ಣ ರಂಧ್ರದ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಉಬ್ಬಿದ ಶ್ವಾಸಕೋಶವೇ ದೃಶ್ಯಕ್ಕೆ ಅಡ್ಡ ಬರುತ್ತದೆ.

ಈಗ ಎರಡು ಹೊಸ ಕಣ್ಣುಗಳು ಬಂದಿವೆ. ಮೊದಲನೆಯದು ಕಂಪ್ಯೂಟರ್. ಆಪರೇಷನ್ನಿಗೆ ಮುಂಚೆ ತೆಗೆದ ತೆಳು ಪದರಗಳ ಸಿ.ಟಿ. ಚಿತ್ರಗಳನ್ನು ತಂತ್ರಾಂಶ ಜೋಡಿಸಿ, ಅಪಧಮನಿ, ಅಭಿಧಮನಿ, ಶ್ವಾಸನಾಳಗಳನ್ನು ಬೇರೆ ಬೇರೆ ಬಣ್ಣದಲ್ಲಿ ಬಿಡಿಸಿ ಮೂರು ಆಯಾಮದ ಮಾದರಿ ಕಟ್ಟುತ್ತದೆ. ರಕ್ತನಾಳಗಳು ಕವಲೊಡೆಯುವ ರೀತಿ ಒಬ್ಬೊಬ್ಬರಲ್ಲೂ ಬೇರೆ. ಪಠ್ಯಪುಸ್ತಕದ ಚಿತ್ರವನ್ನೇ ನಂಬಿ ಕೈ ಹಾಕಿದರೆ ತಪ್ಪು ನಾಳ ಕತ್ತರಿಸುವ ಅಪಾಯವಿದೆ. ಈ ಮಾದರಿಯನ್ನು ಪರದೆಯ ಮೇಲೆ ತಿರುಗಿಸಿ ನೋಡಿದ ಸರ್ಜನ್‌ಗೆ ಯಾವ ಕವಲು ಯಾವ ಖಂಡಕ್ಕೆ ಹೋಗುತ್ತದೆ, ಗಡ್ಡೆ ಗಡಿಯಿಂದ ಎಷ್ಟು ದೂರ ಎಂಬುದು ಮೊದಲೇ ತಿಳಿದಿರುತ್ತದೆ. ಆದರೆ ಸ್ಕ್ಯಾನ್ ಮಾಡುವಾಗ ಶ್ವಾಸಕೋಶ ಗಾಳಿ ತುಂಬಿ ಹಿಗ್ಗಿರುತ್ತದೆ, ಆಪರೇಷನ್ ಮಾಡುವಾಗ ಕುಗ್ಗಿರುತ್ತದೆ. ಹೀಗಾಗಿ ನಕ್ಷೆಯನ್ನು ನೇರವಾಗಿ ಅಂಗದ ಮೇಲೆ ಹೊಂದಿಸಲು ಬರುವುದಿಲ್ಲ.

ಅಲ್ಲಿ ನೆರವಿಗೆ ಬರುವುದು ಎರಡನೆಯ ಕಣ್ಣು, ಬೆಳಕು. ಇಂಡೋಸಯನಿನ್ ಗ್ರೀನ್ ಎಂಬ ಹಸಿರು ಬಣ್ಣದ ದ್ರಾವಣ 1950ರ ದಶಕದಲ್ಲಿ ಕೊಡಾಕ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಮೊದಲಿಗೆ ಅದನ್ನು ಹೃದಯದ ಮತ್ತು ಯಕೃತ್ತಿನ ಕೆಲಸ ಅಳೆಯಲು ಬಳಸುತ್ತಿದ್ದರು. ಸುಮಾರು 800 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಬೆಳಕು ಬಿದ್ದರೆ ಅದು ಸ್ವಲ್ಪ ಹೆಚ್ಚಿನ ತರಂಗಾಂತರದ ಬೆಳಕನ್ನು ಮರಳಿ ಸೂಸುತ್ತದೆ. ಈ ವ್ಯಾಪ್ತಿಯ ಬೆಳಕನ್ನು ರಕ್ತವೂ ನೀರೂ ಹೆಚ್ಚು ಹೀರುವುದಿಲ್ಲ. ಆದ್ದರಿಂದ ಅಂಗಾಂಶದೊಳಗೆ ಕೆಲವು ಮಿಲಿಮೀಟರ್ ಆಳದಿಂದಲೂ ಅದು ಹೊರಬರುತ್ತದೆ.

ಥಿಯೇಟರಿನಲ್ಲಿ ನಡೆಯುವುದು ಹೀಗೆ. ಸರ್ಜನ್ ತೆಗೆಯಬೇಕಾದ ಖಂಡದ ಅಪಧಮನಿಯನ್ನು ಮುಚ್ಚುತ್ತಾರೆ. ಅರಿವಳಿಕೆ ತಜ್ಞರು ಕೈಯ ರಕ್ತನಾಳಕ್ಕೆ ಕೆಲವೇ ಮಿಲಿಗ್ರಾಂ ಬಣ್ಣ ಚುಚ್ಚುತ್ತಾರೆ. ಕ್ಯಾಮೆರಾವನ್ನು ಅವಕೆಂಪಿಗೆ ಬದಲಿಸುತ್ತಾರೆ. ಕೆಲವು ಸೆಕೆಂಡುಗಳಲ್ಲಿ ರಕ್ತ ಹರಿಯುವ ಶ್ವಾಸಕೋಶವೆಲ್ಲ ಪರದೆಯ ಮೇಲೆ ಹಸಿರಾಗಿ ಬೆಳಗುತ್ತದೆ. ರಕ್ತ ನಿಂತ ಖಂಡ ಮಾತ್ರ ಕಪ್ಪಾಗಿ ಉಳಿಯುತ್ತದೆ. ಎರಡರ ನಡುವಿನ ಗೆರೆಯೇ ಗಡಿ. ಸರ್ಜನ್ ತಡಮಾಡದೆ ವಿದ್ಯುತ್ ಉಪಕರಣದಿಂದ ಅದರುದ್ದಕ್ಕೂ ಸುಟ್ಟು ಗುರುತು ಮಾಡುತ್ತಾರೆ. ಯಕೃತ್ತು ಈ ಬಣ್ಣವನ್ನು ರಕ್ತದಿಂದ ಬೇಗ ಸೋಸಿ ತೆಗೆಯುವುದರಿಂದ ಗೆರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂದಹಾಗೆ, ಸೂಸುವ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಕ್ಯಾಮೆರಾ ಹಿಡಿದ ಅವಕೆಂಪಿಗೆ ಹಸಿರು ಹಚ್ಚಿ ತೋರಿಸುವುದು ಕಂಪ್ಯೂಟರ್.

ಈ ಬಣ್ಣ ತೋರಿಸುವುದು ರಕ್ತ ಹರಿಯುವ ದಾರಿಯನ್ನು, ಕ್ಯಾನ್ಸರನ್ನಲ್ಲ. ಆ ಕೊರತೆ ತುಂಬಲು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಅವರ ಸಂಶೋಧನೆಯಿಂದ ಪಾಫೊಲಾಸಯನಿನ್ ಎಂಬ ಔಷಧ ಬಂದಿದೆ. ಅನೇಕ ಕ್ಯಾನ್ಸರ್ ಕೋಶಗಳ ಮೇಲೆ ಫೋಲೇಟ್ ವಿಟಮಿನ್ನಿಗೆ ಅಂಟುವ ಗ್ರಾಹಕಗಳು ಹೇರಳ. ಈ ಔಷಧ ಅವುಗಳಿಗೆ ಅಂಟಿಕೊಂಡು ಗಡ್ಡೆಯನ್ನೇ ಬೆಳಗಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರ್‌ನಲ್ಲಿ ಇದನ್ನು ಶ್ವಾಸಕೋಶದ ಶಸ್ತ್ರಚಿಕಿತ್ಸೆಗೆ ಒಪ್ಪಿತು.

ಇಷ್ಟೆಲ್ಲ ವಿದ್ಯೆ ಫಲ ಕೊಡುವುದು ಗಡ್ಡೆ ಚಿಕ್ಕದಿರುವಾಗ ಮಾತ್ರ. ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇರುವ ಹೆಚ್ಚಿನವರು ಆಸ್ಪತ್ರೆ ತಲುಪುವ ಹೊತ್ತಿಗೆ ರೋಗ ಬಲಿತಿರುತ್ತದೆ. ಕೆಮ್ಮು, ತೂಕ ಇಳಿಕೆ, ಕಫದಲ್ಲಿ ರಕ್ತ ಇವೆಲ್ಲ ಕ್ಷಯದ ಲಕ್ಷಣಗಳೂ ಹೌದು. ಎಕ್ಸ್-ರೇಯಲ್ಲಿ ಕಂಡ ಮಚ್ಚೆಯನ್ನು ಕ್ಷಯವೆಂದೇ ತಿಳಿದು, ಕಫ ಪರೀಕ್ಷೆಯಲ್ಲಿ ರೋಗಾಣು ಸಿಗದಿದ್ದರೂ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದುಂಟು. ಖಂಡವೊಂದನ್ನು ತೆಗೆದು ಗುಣಪಡಿಸಬಹುದಾದ ಕಾಲ ಕಳೆದುಹೋಗುವುದು ಆ ತಿಂಗಳುಗಳಲ್ಲೇ. ಕ್ಷಯದ ಚಿಕಿತ್ಸೆಗೆ ಬಗ್ಗದ ಕೆಮ್ಮಿಗೆ, ಅದರಲ್ಲೂ ಹೊಗೆ ಸೇದಿದವರ ಕೆಮ್ಮಿಗೆ, ಬೇಗನೆ ಒಂದು ಸಿ.ಟಿ. ಸ್ಕ್ಯಾನ್ ಮಾಡಿಸಿ. ವೈದ್ಯರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.