ಒಲೆಗೆ ಹೋಗುವ ಜಾಲಿ ಊಟದ ಮಣೆಯೂ ಆದೀತು!

ಹಿರಿಯೂರು ದಾಟಿ ಬೆಂಗಳೂರಿನತ್ತ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆನ್ನಿ. ಆದಿವಾಲ ಬರುವಷ್ಟರಲ್ಲಿ ಬಳ್ಳಾರಿ ಜಾಲಿ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹೊಲದ ಬದುವಿಗೆ ಶನಿ, ಸೈಕಲ್ ಟ್ಯೂಬಿಗೆ ಯಮ! ಅಮೆರಿಕ ಕಡೆಯ ಈ ಗಿಡವನ್ನು 1877ರ ಸುಮಾರಿಗೆ ಕಡಪ ಸೀಮೆಯಲ್ಲಿ ಸೌದೆಗೆಂದು ನೆಟ್ಟರು. ಅದು ಇಡೀ ಬಯಲುಸೀಮೆಯನ್ನೇ ತನ್ನದು ಮಾಡಿಕೊಂಡಿತು.

ನಾವು ಇದನ್ನು ಸುಟ್ಟು ಇದ್ದಿಲು ಮಾಡಿ ಮೂಟೆ ಕಟ್ಟುತ್ತೇವೆ. ಇದರದೇ ದಾಯಾದಿ ಮೆಸ್ಕೀಟ್ ಮರದಿಂದ ಅಮೆರಿಕದ ಟೆಕ್ಸಾಸಿನವರು ಮೇಜು, ಬಡಿಸುವ ಮಣೆ ಮಾಡಿ ಒಳ್ಳೇ ಬೆಲೆಗೆ ಮಾರುತ್ತಾರೆ. ಒಂದು ಅಂಗುಲ ದಪ್ಪ, ಹಿಡಿಯಲಿಕ್ಕೆ ಒಂದು ಹಿಡಿ, ಹಣ್ಣಿನ ರಸ ಹರಿದು ಕೆಳಗೆ ಬೀಳದಂತೆ ಸುತ್ತ ಸಣ್ಣ ಕಾಲುವೆ. ಇಷ್ಟೇ ಸ್ವಾಮೀ ಬಡಿಸುವ ಮಣೆ ಅಂದರೆ. ಉಳಿ ಹಿಡಿದು ಆ ಕಾಲುವೆ ತೋಡುವುದಕ್ಕೆ ಅರ್ಧ ದಿನ ಬೇಕು. ರೂಟರ್ ಮಿಷನ್ನಿಗೆ ಕೆಲವೇ ನಿಮಿಷ.

ಬೀಟೆ, ತೇಗ ಕೇಳಬೇಡಿ. ಅವಕ್ಕೆ ಅರಣ್ಯ ಇಲಾಖೆಯ ಕಟ್ಟುಪಾಡುಂಟು. 1976ರ ಮರ ಸಂರಕ್ಷಣಾ ಕಾಯ್ದೆ ಜಾಲಿಗೆ ವಿನಾಯಿತಿ ಕೊಟ್ಟಿದೆ. ನಿಮ್ಮ ಹೊಲದ್ದಾದರೆ ಕಡಿಯಲಿಕ್ಕೆ ಅರ್ಜಿ ಬೇಕಿಲ್ಲ. ಕೆರೆ ಅಂಗಳದ್ದು, ಗೋಮಾಳದ್ದು ಬೇರೆ ಮಾತು.

ಇದನ್ನೆಲ್ಲ ತಿಳಿದ ನಾನು ಹೋದ ವರ್ಷ ಒಂದು ತುಂಡು ಹೊತ್ತುಕೊಂಡು ಪರಿಚಯದ ಬಡಗಿಯ ಹತ್ತಿರ ಹೋದೆ. "ಆಚಾರ್ರೇ, ಇದರಲ್ಲಿ ಮಣೆ ಮಾಡಿಕೊಡಿ" ಅಂದೆ. "ಹಸಿ ಐತಲ್ಲ ಸಾರ್" ಅಂದರು. ನನಗೆ ಅವಸರ! ಮಾಡಿಸಿಯೇ ಬಿಟ್ಟೆ. ಹದಿನೈದು ದಿನಕ್ಕೆ ಮಣೆ ದೋಣಿಯಂತೆ ಬಾಗಿ, ತುದಿಯಲ್ಲಿ ಬಾಯಿ ಬಿಟ್ಟಿತು. ತಪ್ಪು ಮರದ್ದಲ್ಲ, ಆಚಾರ್ರದ್ದೂ ಅಲ್ಲ.

ಹಲಗೆ ಕೊಯ್ಯಿಸಿದ ಮೇಲೆ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅನ್ನುವುದು ಬಡಗಿಗಳ ಹಳೇ ಲೆಕ್ಕ. ಹಲಗೆಗಳ ನಡುವೆ ರೀಪರ್ ಇಟ್ಟು ಗಾಳಿ ಆಡಲು ಬಿಡಬೇಕು. ಎರಡೂ ತುದಿಗೆ ಪೇಂಟೋ ಮೇಣವೋ ಬಳಿದರೆ ಸೀಳು ಕಮ್ಮಿ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಅದನ್ನು ತೆಗೆದು ಒಳಗಿನ ಕೆಂಪು ಚೇಗನ್ನೇ ಹಿಡಿಯಬೇಕು. ಒಮ್ಮೆ ಒಣಗಿತೋ, ಈ ಮರ ಅಷ್ಟು ಸುಲಭಕ್ಕೆ ಬಾಗುವುದಿಲ್ಲ.

ಇನ್ನು ರೂಟರ್. ಅದರ ಬಿಟ್ಟು ನಿಮಿಷಕ್ಕೆ ಹತ್ತಿಪ್ಪತ್ತು ಸಾವಿರ ಸುತ್ತು ತಿರುಗುತ್ತದೆ. ಬೆರಳು ಸಿಕ್ಕಿದರೆ ಬಡಗಿಯ ಅನ್ನವೇ ಹೋಯಿತು. ಬಿಟ್ ಬದಲಿಸುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಹಲಗೆಯನ್ನು ಕ್ಲಾಂಪಿನಲ್ಲಿ ಬಿಗಿದು, ಹೊರ ಅಂಚಿನಲ್ಲಿ ಮಿಷನ್ನನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಓಡಿಸಬೇಕು. ಉಲ್ಟಾ ಓಡಿಸಿದರೆ ಅದು ಕೈ ಮೀರಿ ಹಾರುತ್ತದೆ. ಜಾಲಿ ಕಬ್ಬಿಣದಂಥ ಮರ, ಒಂದೇ ಸಲಕ್ಕೆ ಆಳ ತೋಡಹೋದರೆ ಮರ ಸುಟ್ಟು ಕಪ್ಪಾಗುತ್ತದೆ, ಬಿಟ್ಟೂ ಮುರಿದೀತು. ಎರಡು ಮೂರು ಮಿಲಿಮೀಟರಿನಂತೆ ಇಳಿಸುತ್ತಾ ಹೋಗಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. "ಅಯ್ಯೋ, ಇಷ್ಟು ವರ್ಷ ಏನೂ ಆಗಿಲ್ಲ" ಅನ್ನುವ ಆಚಾರ್ರು ಎಲ್ಲ ಊರಲ್ಲೂ ಇದ್ದಾರೆ. ಅವರ ಕೆಮ್ಮು ಕೇಳಿ.

ಉಪ್ಪುಕಾಗದ ಉಜ್ಜಿದ ಮೇಲೆ ಬಾಗಿಲಿಗೆ ಹೊಡೆಯುವ ಪಾಲಿಶ್ ಬೇಡ, ಅನ್ನ ಇಡುವ ಜಾಗ ಅದು. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ನಿಗೆ ಸ್ವಲ್ಪ ಜೇನುಮೇಣ ಕರಗಿಸಿ ತಿಕ್ಕಿದರೆ ಸಾಕು. ನೀರಿನಲ್ಲಿ ನೆನೆಹಾಕಬೇಡಿ, ತೊಳೆದು ನಿಲ್ಲಿಸಿ ಒಣಗಿಸಿ.

ರೆಡಿಮೇಡ್ ಬಾಗಿಲು, ಪ್ಲೈವುಡ್ ಬಂದು ಬಡಗಿಗಳಿಗೆ ಕೆಲಸ ಕಡಿಮೆಯಾಗಿದೆ. ಹೆದ್ದಾರಿಯಲ್ಲೋ ಹಗಲಿರುಳೂ ಕಾರುಗಳ ಸಾಲು. ಮಣೆ ಇಟ್ಟು ನೋಡುವ ಅಂಗಡಿಯವರು ಒಬ್ಬರಾದರೂ ಇಲ್ಲವೇ?

ಒಣಗಿದ ಹಲಗೆಯಲ್ಲಿ ಮಾಡಿಸಿದ ನನ್ನ ಎರಡನೇ ಮಣೆ ನೆಟ್ಟಗಿದೆ. ಆದರೆ ಮನೆಯಾಕೆ ಅದರ ಮೇಲೆ ರಾಗಿಮುದ್ದೆ ಕಟ್ಟುತ್ತಾಳೆ. ಕಾಲುವೆಯಲ್ಲಿ ಹಿಟ್ಟು ಮೆತ್ತಿಕೊಳ್ಳುತ್ತದೆ ಅಂತ ತಕರಾರು. ಮೂರನೆಯದಕ್ಕೆ ಕಾಲುವೆ ಬೇಡ, ಬೋಳಾಗಿಯೇ ಇರಲಿ ಎಂದು ಆಚಾರ್ರಿಗೆ ಹೇಳಿ ಬಂದಿದ್ದೇನೆ.