ನ್ಯುಮೋನಿಯಾ ಗೆದ್ದ ಎದೆಗೆ ರಾಶಿಯ ಧೂಳು

ಆಸ್ಪತ್ರೆಯಿಂದ ಮನೆಗೆ ಬಂದವನನ್ನು ಊರು ಗುಣವಾದವರ ಲೆಕ್ಕಕ್ಕೆ ಹಾಕಿಬಿಡುತ್ತದೆ. ಹೊಲದ ಕೆಲಸದ ಲೆಕ್ಕದಲ್ಲಿ ಗುಣ ಆಗೋದು ಅಲ್ಲಿಂದ ಶುರು. ಕೊರೊನಾದ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಕೊನೆಗೆ, ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಹಿಡಿದು ಬೀದರಿನಲ್ಲಿ 13 ದಿನ ಆಮ್ಲಜನಕದ ಮೇಲಿದ್ದೆ. ಬಗದಲಿಗೆ ಮರಳಿದಾಗ ಎಲ್ಲರೂ ಹೊಲ ಹರಗುತ್ತಿದ್ದರು. ನನಗೆ ಅಂಗಳದಿಂದ ಬಚ್ಚಲಿಗೆ ಹೋಗಿ ಬರೋದರಲ್ಲೇ ದಮ್ಮು ಹತ್ತುತ್ತಿತ್ತು. ನಾಲ್ಕು ಎಕರೆಯವನ ದಮ್ಮು ಹೋದರೆ ಆಳಿನ ಖರ್ಚು ಮೈಮೇಲೆ ಬರುತ್ತದೆ. ಆ ಮುಂಗಾರಿನಲ್ಲಿ ನಾನೇ ಮಾಡುತ್ತಿದ್ದ ಎಲ್ಲ ಕೆಲಸಕ್ಕೂ ಆಳು ಹಚ್ಚಬೇಕಾಯಿತು.

ಒಳಗೆ ಆಗಿರುವುದೇನು ಅಂತ ಡಾಕ್ಟರು ಬಿಡಿಸಿ ಹೇಳಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗುಳ್ಳೆಗಳಿವೆ. ಅವುಗಳ ಗೋಡೆ ಬಹಳ ತೆಳು. ಗಾಳಿಯ ಆಮ್ಲಜನಕ ಆ ಗೋಡೆಯ ಮೂಲಕವೇ ರಕ್ತಕ್ಕೆ ಇಳಿಯಬೇಕು. ವೈರಸ್ ಗಾಯ ಮಾಡುವುದು ಈ ಗೋಡೆಗೆ. ಗಾಯ ಮಾಯುವಾಗ ಕೆಲವರಲ್ಲಿ ಗೋಡೆ ದಪ್ಪವಾಗಿ ಕಲೆ ಉಳಿಯುತ್ತದೆ. ಮಳೆ ಹೊಡೆದು ಹಕ್ಕಳೆ ಕಟ್ಟಿದ ನೆಲದ ಮೇಲೆ ನೀರು ನಿಂತಿದ್ದರೂ ಇಂಗುವುದಿಲ್ಲ ನೋಡಿ, ಹಾಗೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಕೊರೊನಾದಿಂದ ಚೇತರಿಸಿಕೊಂಡ 207 ಮಂದಿಯನ್ನು ಪರೀಕ್ಷಿಸಿದಾಗ ಸುಮಾರು ಶೇ. 44 ಮಂದಿಯಲ್ಲಿ ಈ ಇಂಗುವಿಕೆ ಕಡಿಮೆಯಾಗಿತ್ತು. ಹೆಚ್ಚಿನವರಿಗೆ ತಿಂಗಳು ಕಳೆದಂತೆ ಸುಧಾರಿಸುತ್ತದೆ, ಒಂದು ವರ್ಷವೂ ಹಿಡಿಯಬಹುದು. ಕೆಲವರಿಗೆ ಕಲೆ ಉಳಿದೇ ಬಿಡುತ್ತದೆ.

ಕೂತಾಗ 97, ನಡೆದಾಗ 91

ಬೆರಳಿಗೆ ಹಾಕುವ ಆಕ್ಸಿಮೀಟರ್ ಆಗ ಮನೆಮನೆಗೂ ಬಂದಿತ್ತು. ಮಂಚದ ಮೇಲೆ ಕೂತು ನೋಡಿ 97 ಬಂತು ಅಂತ ಸಮಾಧಾನಪಡುವವರೇ ಜಾಸ್ತಿ. ಡಾಕ್ಟರು ನನ್ನನ್ನು ಸಪಾಟ ನೆಲದಲ್ಲಿ ಆರು ನಿಮಿಷ ನಡೆಸಿ ನೋಡಿದರು. 91ಕ್ಕೆ ಇಳಿಯಿತು! ಕೂತವನ ಶ್ವಾಸಕೋಶಕ್ಕೆ ಕೆಲಸ ಕಡಿಮೆ, ಅದರ ಬಡತನ ತಿಳಿಯುವುದು ನಡೆದಾಗ. ನಡೆದ ಮೇಲೆ ಮೂರು ನಾಲ್ಕು ಅಂಕ ಕುಸಿದರೆ ಡಾಕ್ಟರಿಗೆ ತಿಳಿಸಲೇಬೇಕು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಒಬ್ಬರೇ ಇದ್ದಾಗ ಈ ನಡಿಗೆ ಪರೀಕ್ಷೆ ಬೇಡ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ.

ನಡಿಗೆಯೇ ಔಷಧ ಕೂಡ. ನಾನು ಬದುವಿನ ಅಳತೆ ಇಟ್ಟುಕೊಂಡೆ. ಮೊದಲ ವಾರ ಅರ್ಧ ಬದು, ಆಮೇಲೆ ಒಂದು, ಆಮೇಲೆ ಎರಡು. ನಡೆಯುವಾಗ ಮಾತಾಡಲು ಆಗಬೇಕು. ಮಾತು ತುಂಡಾದರೆ ಜಾಸ್ತಿಯಾಯಿತು ಅಂತ ಅರ್ಥ. ದಮ್ಮು ಹತ್ತಿದಾಗ ಮುಂದಕ್ಕೆ ಬಾಗಿ ಗುದ್ದಲಿ ಕಾವಿನ ಮೇಲೆ ಭಾರ ಬಿಟ್ಟು ನಿಲ್ಲುತ್ತಿದ್ದೆ. ಮೂಗಿನಿಂದ ಉಸಿರು ತಗೊಂಡು, ಬಿಸಿ ಚಹಾ ಆರಿಸುವ ಹಾಗೆ ತುಟಿ ಕೂಡಿಸಿ ನಿಧಾನಕ್ಕೆ ಬಿಡುವುದು. ಎರಡು ಎಣಿಸಿ ಒಳಕ್ಕೆ, ನಾಲ್ಕು ಎಣಿಸಿ ಹೊರಕ್ಕೆ. ಚೀಲ ಎತ್ತುವಾಗ ಉಸಿರು ಕಟ್ಟುವ ಚಟ ನಮ್ಮೆಲ್ಲರಿಗೂ ಇದೆ. ಎತ್ತುವ ಹೊತ್ತಿಗೇ ಉಸಿರು ಬಿಡಬೇಕು. ಆಸ್ಪತ್ರೆಯಲ್ಲಿ ಕೊಡುವ ಮೂರು ಗುಂಡಿನ ಡಬ್ಬಿಯನ್ನು ಊರಲ್ಲಿ ಎಷ್ಟೋ ಮಂದಿ ಊದುತ್ತಾರೆ. ಅದು ಉಸಿರು ಎಳೆಯುವುದಕ್ಕೆ.

ಮಲಗಿ ಮಲಗಿ ತೊಡೆಯ ಮಾಂಸವೂ ಕರಗಿರುತ್ತದೆ. ತೊಗರಿಬೇಳೆ, ಶೇಂಗಾ, ಮೊಟ್ಟೆ, ಹಾಲು ಬಿಡಬಾರದು. ಸ್ಟೆರಾಯ್ಡ್ ಗುಳಿಗೆಯ ಬಗ್ಗೆ ಒಂದು ಮಾತು. ಆಮ್ಲಜನಕ ಬೇಕಾದವರಿಗೆ ಅದು ಪ್ರಾಣ ಉಳಿಸುವ ಮದ್ದು ಅಂತ 2020ರಲ್ಲೇ ಬ್ರಿಟನ್ನಿನ ಪ್ರಯೋಗದಲ್ಲಿ ಖಾತ್ರಿಯಾಗಿದೆ. ಹಾಗಂತ ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ಕೊಂಡು ನುಂಗಿದರೆ ಸಕ್ಕರೆ ಏರುತ್ತದೆ. ಬಹಳ ದಿನ ತಗೊಂಡವರು ಒಮ್ಮೆಲೇ ಬಿಡುವುದೂ ಅಪಾಯ. ಎರಡನ್ನೂ ಡಾಕ್ಟರೇ ಹೇಳಬೇಕು.

ಬೂಸ್ಟು ಹಿಡಿದ ಸೋಯಾ

ಅಕ್ಟೋಬರಿನಲ್ಲಿ ಸೋಯಾ ರಾಶಿ ಬಂತು. "ರಾಶಿ ಧೂಳಿನ್ಯಾಗ ಹುಟ್ಟಿದ ಮಂದಿ ನಾವು, ನಮಗೇನಾಗ್ತದ?" ಅಂತ ಪಕ್ಕದ ಹೊಲದ ಹಿರಿಯರು ನಕ್ಕರು. ಅವರ ಎದೆಗೆ ಗಾಯ ಆಗಿರಲಿಲ್ಲ. ಇನ್ನೂ ಮಾಯುತ್ತಿರುವ ಎದೆಗೆ ಯಂತ್ರದ ಬಾಯಿಂದ ಬರುವ ಧೂಳು ಬಹಳ ತ್ರಾಸು. ಮುಖಕ್ಕೆ ಕಟ್ಟಿದ ಟವೆಲು ಹೊಟ್ಟನ್ನು ತಡೆಯುತ್ತದೆ, ನುಣ್ಣನೆ ಧೂಳು ಒಳಗೆ ಹೋಗಿಯೇ ಹೋಗುತ್ತದೆ. ಎನ್-95 ಮಾಸ್ಕು ಮೂಗಿಗೆ ಸರಿಯಾಗಿ ಕೂತರೆ ವಾಸಿ. ಆದರೆ ಮೊದಲೇ ದಮ್ಮು ಇರುವವನಿಗೆ ಅದನ್ನು ಹಾಕಿಕೊಂಡು ದುಡಿಯುವುದು ಕಷ್ಟ. ದೂರ ಇರುವುದೇ ಸರಿ.

ಕೊಯ್ದ ಸೋಯಾ ಮಳೆಗೆ ಸಿಕ್ಕಿ ಬಣವೆಯಲ್ಲಿ ಬಿಸಿಯಾಗಿ ಬೂಸ್ಟು ಹಿಡಿದಿದ್ದರೆ ಇನ್ನೂ ಎಚ್ಚರ ಬೇಕು. ಬೂಸ್ಟಿನ ಧೂಳಿನಿಂದ ಬರುವ ಕಾಯಿಲೆಗೆ ವೈದ್ಯರು ರೈತರ ಹೆಸರನ್ನೇ ಇಟ್ಟಿದ್ದಾರೆ, 'ಫಾರ್ಮರ್ಸ್ ಲಂಗ್' ಅಂತ. ಹಗಲು ಧೂಳು ಕುಡಿದವನಿಗೆ ನಾಲ್ಕೆಂಟು ತಾಸಿನ ಮೇಲೆ ಚಳಿಜ್ವರ, ಒಣಕೆಮ್ಮು, ದಮ್ಮು ಬರುತ್ತದೆ. ಒಂದೆರಡು ದಿನದಲ್ಲಿ ಇಳಿಯುವುದರಿಂದ ಫ್ಲೂ ಅಂದುಕೊಂಡು ಸುಮ್ಮನಾಗುತ್ತಾರೆ. ವರ್ಷ ವರ್ಷ ಹೀಗೇ ಆದರೆ ಶ್ವಾಸಕೋಶದಲ್ಲಿ ಕಲೆ ಬೀಳುತ್ತದೆ. ರಾಶಿ ಮಾಡಿದ ರಾತ್ರಿಯೇ ಜ್ವರ ಬಂತು ಅನ್ನುವುದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು, ಅವರಾಗಿ ಕೇಳುವುದು ಅಪರೂಪ.

ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಕೊರೊನಾ ಬಂದಿತ್ತು ಅನ್ನುವ ನೆಪದಲ್ಲಿ ಕ್ಷಯ ಅಡಗಿ ಕೂರಬಾರದು. ಒಮ್ಮೆಲೇ ದಮ್ಮು ಏರಿದರೆ, ಎದೆ ಚುಚ್ಚಿದರೆ, ಒಂದೇ ಕಾಲು ಬಾತರೆ, ಕಫದಲ್ಲಿ ರಕ್ತ ಕಂಡರೆ ಆ ದಿನವೇ ಹೊರಡಬೇಕು. ಬೀಡಿಯ ಮಾತು ಬೇರೆ ಹೇಳಬೇಕಾಗಿಲ್ಲ.

ಎಳ್ಳ ಅಮಾಸಿಗೆ ಬುತ್ತಿಯ ಜೊತೆ ಹೊಲದ ಸುತ್ತ ಒಂದು ಸುತ್ತು ನಿಲ್ಲದೆ ನಡೆದೆ, ಅಂಕಿ 95ರಲ್ಲಿತ್ತು. ಆದರೂ ತೊಗರಿ ರಾಶಿಗೆ ಯಂತ್ರದ ಬಾಯಿಗೆ ಹೋಗಲಿಲ್ಲ. ನೆರೆಯ ಗೆಳೆಯನ ಜೊತೆ ಮುಯ್ಯಿ ಮಾಡಿಕೊಂಡೆವು. ಸಿವುಡು ಕೊಡುವುದು ಅವನ ಪಾಲು. ಗಾಳಿ ಬರುವ ದಿಕ್ಕಿನಲ್ಲಿ ದೂರ ಕೂತು ಚೀಲ ತೂಗಿ ಹೊಲಿಯುವುದು, ಇಬ್ಬರ ಲೆಕ್ಕ ಬರೆಯುವುದು ನನ್ನದು. ಕಣದ ಸುತ್ತ ಮುಂಜಾನೆ ನೀರು ಚಿಮುಕಿಸುತ್ತೇವೆ. ಔಷಧಿ ಪಂಪು ಆ ವರ್ಷ ಹೆಗಲಿಗೆ ಏರಿಸಲಿಲ್ಲ, ಭಾರವೂ ಹೌದು, ಮಂಜಿನಂಥ ಹನಿಯೂ ಹೌದು. ಈಗ ಹರಗುತ್ತೇನೆ, ಬಿತ್ತುತ್ತೇನೆ, 50 ಕಿಲೋ ಚೀಲ ಇಬ್ಬರು ಸೇರಿ ಎತ್ತುತ್ತೇವೆ. ಮುಯ್ಯಿಯ ಏರ್ಪಾಡು ಮಾತ್ರ ಬಿಟ್ಟಿಲ್ಲ.